ಡಾಲಸ್ ಕಡೆ ಮನೆ ನೋಡಲು ಹೊರಡುವ ಮುನ್ನ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಡಾಲಸ್ ಬಳಿಯ ಫ್ರಿಸ್ಕೊ, ಪ್ಲೇನೊ, ಪ್ರಾಸ್ಪರ್ ಕಡೆ ಬಂದು ನೆಲೆಸಿದ ನಮ್ಮವರು ಒಂದೆರಡು ವರ್ಷ ಬಾಡಿಗೆ ಕಟ್ಟಿದ ಮೇಲೆ ಮನೆ ಕೊಳ್ಳುವ ಮಾತು ತೆಗೆಯುತ್ತಾರೆ. ಮೊದಲು ಕೇಳುವುದು ಒಳ್ಳೆಯ ಏಜೆಂಟ್ ಯಾರಾದರೂ ಗೊತ್ತೇ ಎಂದು. ನಂಬರ್ ಯಾರಾದರೂ ಕೊಡುತ್ತಾರೆ. ಆದರೆ ನಮಗೆ ತೀರಾ ಮುಖ್ಯವಾದ ಕೆಲವು ಪ್ರಶ್ನೆಗಳಿಗೆ ಇಲ್ಲಿನ ಏಜೆಂಟ್ ಉತ್ತರ ಹೇಳುವಂತೆಯೇ ಇಲ್ಲ. ಅವನ್ನು ನಾವೇ ಮೊದಲು ಹುಡುಕಿಕೊಂಡು ಹೊರಡಬೇಕು.

ಅದಕ್ಕೂ ಮುಂಚೆ ಒಂದು ಕಾಗದದ ವಿಷಯ. 2024ರ ಆಗಸ್ಟ್ 17ರಿಂದ ಅಮೆರಿಕದಲ್ಲಿ ಎಂಎಲ್ಎಸ್ ಪಟ್ಟಿ (ಏಜೆಂಟರು ಹಂಚಿಕೊಳ್ಳುವ ಮಾರಾಟದ ಮನೆಗಳ ಪಟ್ಟಿ) ಬಳಸುವ ಏಜೆಂಟ್ ನಿಮ್ಮನ್ನು ಮನೆಯೊಳಗೆ ಕರೆದೊಯ್ಯುವ ಮೊದಲೇ ನಿಮ್ಮೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಹೊಸಬರು ಇದನ್ನು ಬರೀ ಫಾರ್ಮಾಲಿಟಿ ಎಂದುಕೊಂಡು ಫೋನಿನಲ್ಲೇ ಸಹಿ ಒತ್ತಿಬಿಡುತ್ತಾರೆ. ದಯವಿಟ್ಟು ಓದಿ. ಏಜೆಂಟ್ ಕಮಿಷನ್ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಲೇಬೇಕು. ಆ ಮೊತ್ತವನ್ನು ಯಾವ ಕಾನೂನೂ ಗೊತ್ತುಮಾಡಿಲ್ಲ, ಮಾತಾಡಿ ಇಳಿಸಬಹುದು. ಮಾರುವವರು ಅದನ್ನು ಪೂರ್ತಿ ಕೊಡಲು ಒಪ್ಪದಿದ್ದರೆ ಉಳಿದದ್ದು ನಿಮ್ಮ ಕೈಯಿಂದಲೇ ಹೋಗಬಹುದು. ಒಪ್ಪಂದ ಎಷ್ಟು ದಿನಕ್ಕೆ, ಯಾವ ಊರುಗಳಿಗೆ ಎಂಬುದನ್ನೂ ನೋಡಿ. ಪರಿಚಯವಿಲ್ಲದ ಏಜೆಂಟ್ ಜೊತೆ ಆರು ತಿಂಗಳಿಗೆ ಕಟ್ಟಿಕೊಳ್ಳಬೇಡಿ. ಈ ವಾರ ನೋಡುವ ಮನೆಗಳಿಗಷ್ಟೇ ಎಂದು ಕೇಳಿ, ಒಪ್ಪುವವರು ಸಿಗುತ್ತಾರೆ. ಯಾರು ಬೇಕಾದರೂ ಬಂದು ನೋಡಲೆಂದು ಮನೆ ತೆರೆದಿಡುವ ಓಪನ್ ಹೌಸ್‌ಗೆ ನೀವೇ ಹೋಗಿ ಬರುವುದಾದರೆ ಈ ಸಹಿ ಬೇಕಿಲ್ಲ. ಮೊದಲ ಕೆಲವು ವಾರ ಹಾಗೆಯೇ ಸುತ್ತಾಡಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಸಾಲ ಕೊಡಬಹುದು ಎಂದು ಹೇಳುವ ಬ್ಯಾಂಕಿನ ಪ್ರೀ-ಅಪ್ರೂವಲ್ ಪತ್ರ ಕೈಯಲ್ಲಿಲ್ಲದೆ ಹೊರಡಬೇಡಿ. ಎರಡು ವರ್ಷದ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆಯ ಪತ್ರ), ಇತ್ತೀಚಿನ ಸಂಬಳದ ಚೀಟಿಗಳು, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಎಚ್-1ಬಿ ಕೆಲಸದ ವೀಸಾ ಮೇಲಿರುವವರಿಗೆ ಒಂದು ಮಾತು: 3.5% ಡೌನ್ ಪೇಮೆಂಟಿನ, ಸರ್ಕಾರದ ವಿಮೆಯಿರುವ ಎಫ್ಎಚ್ಎ ಸಾಲ 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ವೀಸಾದಾರರಿಗೆ ಸಿಗುವುದಿಲ್ಲ. ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಸರ್ಕಾರದ ವಿಮೆಯಿಲ್ಲದ ಕನ್ವೆನ್ಷನಲ್ ಸಾಲದ ದಾರಿ ಇದೆ. ಅದರಲ್ಲಿ 20% ಕಟ್ಟದಿದ್ದರೆ ಸಾಮಾನ್ಯವಾಗಿ ಸಾಲ ಕೊಟ್ಟವರನ್ನು ಕಾಯುವ ಪಿಎಂಐ ಎಂಬ ವಿಮೆಯೂ ಸೇರುತ್ತದೆ. ಊರಿನಿಂದ ಅಪ್ಪ ಅಮ್ಮ ದುಡ್ಡು ಕಳಿಸುವುದಾದರೆ ಮನೆ ನೋಡಲು ಶುರುಮಾಡುವ ಎರಡು ಮೂರು ತಿಂಗಳ ಮುಂಚೆಯೇ ಇಲ್ಲಿನ ಖಾತೆಗೆ ಬಂದಿರಲಿ. ಇದ್ದಕ್ಕಿದ್ದಂತೆ ಬಂದ ದೊಡ್ಡ ಮೊತ್ತಕ್ಕೆ ಬ್ಯಾಂಕ್ ಲೆಕ್ಕ ಕೇಳುತ್ತದೆ, ಉಡುಗೊರೆ ಪತ್ರ ಬೇಕಾಗುತ್ತದೆ. ಹಾಗೆ ಬಂದದ್ದು ವರ್ಷಕ್ಕೆ 1,00,000 ಡಾಲರ್ ದಾಟಿದರೆ ಇಲ್ಲಿನ ತೆರಿಗೆ ಇಲಾಖೆಯಾದ ಐಆರ್ಎಸ್‌ಗೆ 3520 ನಮೂನೆ ತುಂಬಬೇಕು. ತೆರಿಗೆ ಇಲ್ಲದಿದ್ದರೂ ತುಂಬದವರಿಗೆ ಬೀಳುವ ದಂಡ ಸಣ್ಣದಲ್ಲ.

ಈಗ ಏಜೆಂಟ್ ಹೇಳಲಾಗದ ಸಂಗತಿಗಳು. "ಈ ಬೀದಿಯಲ್ಲಿ ನಮ್ಮವರು ಇದ್ದಾರಾ?" ಎಂದು ಕೇಳುವುದು ನಮಗೆ ಸಹಜ. ಮಕ್ಕಳಿಗೆ ಆಟಕ್ಕೆ ಜೊತೆ ಬೇಕು, ಹಬ್ಬಕ್ಕೆ ಕರೆಯಲು ನಾಲ್ಕು ಮನೆ ಬೇಕು. ಆದರೆ 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಜನಾಂಗ, ಧರ್ಮ, ಮೂಲ ದೇಶ ನೋಡಿ ಗಿರಾಕಿಯನ್ನು ಒಂದು ಬಡಾವಣೆಯತ್ತ ತಿರುಗಿಸುವುದು ಕಾನೂನುಬಾಹಿರ. ಇಲ್ಲಿನ ಕರಿಯರನ್ನೂ ಬೇರೆ ಅಲ್ಪಸಂಖ್ಯಾತರನ್ನೂ ಎಷ್ಟೋ ಬಡಾವಣೆಗಳಿಂದ ದಶಕಗಟ್ಟಲೆ ಹೊರಗಿಟ್ಟಿದ್ದರು. ಆ ಅನ್ಯಾಯ ತಡೆಯಲೆಂದು ಬಂದ ಕಾಯ್ದೆ ಇದು, ನಮ್ಮನ್ನೂ ಕಾಯುವ ಕಾಯ್ದೆ. ಹಾಗಾಗಿ ಏಜೆಂಟ್ ನುಣುಚಿಕೊಂಡರೆ ಬೇಸರ ಬೇಡ, ಒತ್ತಾಯ ಬೇಡವೇ ಬೇಡ. ಭಾನುವಾರ ಸಂಜೆ ಆ ಬಡಾವಣೆಯ ಪಾರ್ಕಿನಲ್ಲಿ ಅರ್ಧ ಗಂಟೆ ನಡೆದಾಡಿ. ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ಹೋದಾಗ ಪಕ್ಕದಲ್ಲಿ ನಿಂತವರನ್ನು ಮಾತಾಡಿಸಿ.

ಶಾಲೆಯ ಮಾತೂ ಹೀಗೆಯೇ. ಇಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಐಎಸ್‌ಡಿ ಎಂಬ ಶಾಲಾ ಜಿಲ್ಲೆಗಳು. ವಿಳಾಸದಲ್ಲಿ ಫ್ರಿಸ್ಕೊ ಎಂದಿದ್ದರೆ ಫ್ರಿಸ್ಕೊ ಐಎಸ್‌ಡಿ ಶಾಲೆಯೇ ಸಿಗುತ್ತದೆ ಎಂದಲ್ಲ. ಅದೇ ಊರಿನ ಕೆಲವು ಭಾಗ ಪ್ರಾಸ್ಪರ್, ಲೂಯಿಸ್‌ವಿಲ್, ಲಿಟಲ್ ಎಲ್ಮ್ ಐಎಸ್‌ಡಿಗಳಿಗೆ ಸೇರಿದೆ. ಜಾಹೀರಾತನ್ನು ನಂಬದೆ ಆಯಾ ಐಎಸ್‌ಡಿಯ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿ ನೋಡಿ.

ತೆರಿಗೆಯನ್ನೂ ಮನೆಯಲ್ಲೇ ಕೂತು ನೋಡಬಹುದು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆಯಲ್ಲಿ ಅದರ ಬಿಸಿ ಮುಟ್ಟುತ್ತದೆ. 5,00,000 ಡಾಲರಿನ ಮನೆಗೆ 2% ಎಂದು ಹಿಡಿದರೂ ವರ್ಷಕ್ಕೆ 10,000 ಡಾಲರ್. ಈಗಿನ ಮಾಲೀಕರು 65 ದಾಟಿದವರಾಗಿದ್ದರೆ ಅವರ ಆಸ್ತಿ ತೆರಿಗೆಯಲ್ಲಿ ಶಾಲೆಗೆ ಹೋಗುವ ಪಾಲು ಏರದಂತೆ ಮಿತಿ ಇರುತ್ತದೆ. ಆ ಮಿತಿ ನಿಮಗೆ ಬರುವುದಿಲ್ಲ, ಆದ್ದರಿಂದ ಅವರ ಹಳೆಯ ಬಿಲ್ ನೋಡಿ ಸಮಾಧಾನಪಡಬೇಡಿ. ಹೊಸ ಬಡಾವಣೆಗಳಲ್ಲಿ ನೀರು, ಚರಂಡಿ, ರಸ್ತೆಯ ಸಾಲ ತೀರಿಸಲು ಎಂಯುಡಿ ಅಥವಾ ಪಿಐಡಿ ಎಂಬ ಸ್ಥಳೀಯ ವಿಶೇಷ ಜಿಲ್ಲೆಗಳಿಗೆ ಬೇರೆಯಾಗಿ ಕಟ್ಟಬೇಕಾಗಬಹುದು, ಎಚ್ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಶುಲ್ಕವಂತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಮೂರನ್ನು ಏಜೆಂಟ್ ಹತ್ತಿರ ಬರವಣಿಗೆಯಲ್ಲಿ ಕೇಳಿ, ಇದಕ್ಕೆ ಅವರು ಉತ್ತರ ಕೊಡಬಹುದು.

ಗಂಡ ಹೆಂಡತಿ ಮೊದಲೇ ಕೂತು, ಬೇಕೇ ಬೇಕು ಎನ್ನುವುದನ್ನು ಗೊತ್ತುಮಾಡಿಕೊಳ್ಳಿ. ಪೂರ್ವ ದಿಕ್ಕಿನ ಬಾಗಿಲು ಬೇಕಿದ್ದರೆ ಫೋನಿನಲ್ಲೇ ಹೇಳಿ, ಹತ್ತು ಮನೆ ತೋರಿಸಿದ ಮೇಲೆ ಅಲ್ಲ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದು ಇರುವವರಾದರೆ ಕೆಳಗೆ ಎರಡನೇ ಬೆಡ್‌ರೂಮ್ ಮತ್ತು ಶವರ್ ಇರುವ ಬಾತ್‌ರೂಮ್ ಇರಲೇಬೇಕು. ಕೆಳಗಿನ ಅರ್ಧ ಬಾತ್‌ರೂಮಿನಲ್ಲಿ ಸ್ನಾನ ಆಗುವುದಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ತಳ್ಳುತ್ತದೋ, ಬರೀ ಸೋಸಿ ಒಳಗೇ ಬಿಡುತ್ತದೋ ಕೇಳಿ. ದಿನಾ ಒಗ್ಗರಣೆ ಹಾಕುವ ಮನೆಯಲ್ಲಿ ಗ್ರಾನೈಟ್ ಕಟ್ಟೆಗಿಂತ ಇದು ದೊಡ್ಡ ವಿಷಯ.

ಈ ಭಾಗದ ನೆಲ ಹೆಚ್ಚಾಗಿ ಕಪ್ಪು ಜೇಡಿಮಣ್ಣು. ಧಾರವಾಡ, ವಿಜಯಪುರದ ಎರೆಹೊಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಗೆ ನೆಲ ಅಲುಗಿದಾಗ ಮನೆಯ ಫೌಂಡೇಶನ್ ಸರಿಯುತ್ತದೆ. ಒಳಗಿನ ಪ್ರತಿ ಬಾಗಿಲನ್ನೂ ಮುಚ್ಚಿ ತೆಗೆದು ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಹೊರಗೋಡೆಯ ಇಟ್ಟಿಗೆಯಲ್ಲಿ ಮೆಟ್ಟಿಲಿನಂತೆ ಇಳಿದ ಬಿರುಕು ಕಂಡರೆ ಫೋಟೊ ತೆಗೆದುಕೊಂಡು, ಹಿಂದೆ ರಿಪೇರಿ ಆಗಿದೆಯೇ, ವಾರಂಟಿ ಇದೆಯೇ ಎಂದು ಏಜೆಂಟ್ ಮೂಲಕ ಕೇಳಿಸಿ.

ಮನೆಯೊಳಗೆ ಇಷ್ಟ ಕಷ್ಟ, ರೇಟಿನ ಮಾತು ಬೇಡ. ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಇರುತ್ತದೆ. ಕನ್ನಡದಲ್ಲಿ ಆಡಿದರೆ ಯಾರಿಗೂ ತಿಳಿಯದು ಎಂದೂ ಇಲ್ಲ, ಈ ಊರುಗಳಲ್ಲಿ ಮಾರುವವರೂ ನಮ್ಮವರೇ ಆಗಿರಬಹುದು.

ಬಿಲ್ಡರ್‌ಗಳ ಮಾದರಿ ಮನೆಗೆ ಸುಮ್ಮನೆ ನೋಡಿ ಬರೋಣ ಎಂದು ಹೋಗುವವರು ಒಂದು ವಿಷಯ ತಿಳಿದಿರಲಿ. ಅಲ್ಲಿ ನಗುತ್ತಾ ಬರಮಾಡಿಕೊಳ್ಳುವವರು ಬಿಲ್ಡರ್ ಪರ ಕೆಲಸ ಮಾಡುವವರು. ಮೊದಲ ಭೇಟಿಯಲ್ಲಿ ನಿಮ್ಮ ಏಜೆಂಟ್ ಹೆಸರು ದಾಖಲಾಗದಿದ್ದರೆ, ಮುಂದೆ ಅವರಿಗೆ ಕಮಿಷನ್ ಕೊಡಲು ಹಲವು ಬಿಲ್ಡರ್‌ಗಳು ಒಪ್ಪುವುದಿಲ್ಲ. ಏಜೆಂಟ್ ಬೇಕೆಂದಿದ್ದರೆ ಅವರನ್ನು ಕರೆದುಕೊಂಡೇ ಹೋಗಿ.

ಒಂದು ದಿನಕ್ಕೆ ನಾಲ್ಕೈದು ಮನೆ ಸಾಕು. ಒಂದು ಮನಸ್ಸಿಗೆ ಹಿಡಿಸಿದರೆ, ಆಫರ್ ಬರೆಯುವ ಮುನ್ನ ವಾರದ ದಿನ ಸಂಜೆ ಐದೂವರೆಗೆ ಆಫೀಸಿನಿಂದ ಆ ಮನೆಯವರೆಗೆ ಕಾರು ಓಡಿಸಿ ನೋಡಿ. ಡಾಲಸ್ ನಾರ್ತ್ ಟೋಲ್‌ವೇ, ಸ್ಯಾಮ್ ರೇಬರ್ನ್ ಟೋಲ್‌ವೇ ಎರಡಕ್ಕೂ ಟೋಲ್ ಇದೆ. ದಿನಕ್ಕೆ ಎರಡು ಸಲ ಅದನ್ನು ಕಟ್ಟುವ ಲೆಕ್ಕವೂ ತಿಂಗಳ ಕಂತಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.