ಮಗಳನ್ನು ಡಬಲ್ಸ್ ಆಟಗಾರ್ತಿ ಮಾಡಬೇಕೆ? ಚಿಕ್ಕಮಗಳೂರಿನಿಂದ ಹೀಗೆ ಶುರು ಮಾಡಿ

ನಮ್ಮೂರಲ್ಲಿ ಟೆನಿಸ್ ಕೋರ್ಟ್ ಕಡಿಮೆ, ಕಲಿಯುವ ಮಕ್ಕಳು ಜಾಸ್ತಿ. ನಾನು ಹೇಳಿಕೊಡುವ ಕೋರ್ಟಿಗೆ ಬೆಳಿಗ್ಗೆ ಆರು ಗಂಟೆಗೇ ಒಂಬತ್ತು ಹುಡುಗಿಯರು ಬಂದು ನಿಲ್ಲುತ್ತಾರೆ. ಇಬ್ಬಿಬ್ಬರನ್ನೇ ಆಡಿಸಿದರೆ ಉಳಿದವರು ಬೇಲಿ ಹಿಡಿದು ನೋಡಿ ಶಾಲೆಗೆ ಹೋಗಬೇಕಾಗುತ್ತದೆ. ಹಾಗಾಗಿ ನಾಲ್ಕು ಜನರನ್ನು ಒಟ್ಟಿಗೆ ಇಳಿಸಿ, ಇಬ್ಬರಿಗಿಬ್ಬರಂತೆ ಡಬಲ್ಸ್ ಆಡಿಸುತ್ತೇನೆ. "ಮೇಡಂ, ನಮ್ಮ ಮಗಳಿಗೆ ಸಿಂಗಲ್ಸ್ ಸಿಗ್ತಾನೇ ಇಲ್ಲ" ಎಂದು ಅಪ್ಪಂದಿರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಬೇರೆ ಮಕ್ಕಳು ಹದಿನೇಳಕ್ಕೆ ಕಲಿಯಲು ಹೊರಡುವ ಆಟವನ್ನು ಇವರು ಹನ್ನೊಂದಕ್ಕೇ ಕಲಿಯುತ್ತಿದ್ದಾರೆ. ನಮ್ಮ ಕಡೆಯ ಹುಡುಗಿಗೆ ಇದು ದೊಡ್ಡ ಬಂಡವಾಳ.

ಹಾಗಂತ ಸಿಂಗಲ್ಸ್ ಬಿಡಿಸಬೇಡಿ. ಹದಿನೇಳು ಹದಿನೆಂಟರ ತನಕ ಎರಡೂ ಇರಲಿ. ಕಾಲಿನ ಓಟ, ಹೊಡೆತದ ತೂಕ ಬರುವುದೇ ಸಿಂಗಲ್ಸ್‌ನಿಂದ. ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್ ಮುಟ್ಟಿದ್ದರು. ಮಣಿಕಟ್ಟಿನ ಗಾಯದಿಂದ ಸಿಂಗಲ್ಸ್ ಬಿಟ್ಟು, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ನಂಬರ್ ಒನ್ ಆದರು. ಆ ಫೋರ್‌ಹ್ಯಾಂಡ್ ಸಿಂಗಲ್ಸ್‌ನಲ್ಲಿ ಪಳಗಿದ್ದು. ಅದರ ಜೊತೆಗೆ ನೆಟ್ ಹತ್ತಿರ ಸ್ವಿಟ್ಜರ್ಲೆಂಡಿನ ಆಟಗಾರ್ತಿ ಮಾರ್ಟಿನಾ ಹಿಂಗಿಸ್ ಅವರ ಕೈ ಸೇರಿದಾಗ ಜೋಡಿ ಸತತ 41 ಪಂದ್ಯ ಗೆದ್ದಿತು.

ಈಗ ಕೋರ್ಟಿಗೆ ಬರೋಣ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಡಬಲ್ಸ್‌ನದು 36. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ. ಆ ಆರು ಇಂಚನ್ನು ಮಗಳಿಗೆ ಟೇಪ್ ಹಿಡಿದು ತೋರಿಸಿ. ಎದುರಾಳಿಯ ಸರ್ವ್‌ಗೆ ಉತ್ತರವಾಗಿ ಅಡ್ಡಡ್ಡ ಹೊಡೆದ ರಿಟರ್ನ್ ತಗ್ಗಿನ ಜಾಗದ ಮೇಲಿಂದ ಹೋಗುತ್ತದೆ, ನೆಟ್ ಹತ್ತಿರ ನಿಂತವಳಿಂದ ದೂರವೂ ಇರುತ್ತದೆ. ನಾನು ಮೊದಲ ಎರಡು ತಿಂಗಳು ಬೇರೇನೂ ಹೇಳಿಕೊಡುವುದಿಲ್ಲ. ಸರ್ವ್ ಮಾಡಿ ಮುಂದೆ ಬರುವವಳ ಕಾಲ ಬುಡಕ್ಕೆ ಚೆಂಡು ಬೀಳಬೇಕು, ಅಷ್ಟೇ.

ಆಮೇಲೆ ಪೋಚ್ ಮಾಡುವುದು. ಅಂದರೆ ನೆಟ್ ಹತ್ತಿರ ಇರುವವಳು ಪಕ್ಕಕ್ಕೆ ನುಗ್ಗಿ, ಪಾರ್ಟ್ನರ್‌ಗೆ ಹೋಗುವ ಚೆಂಡನ್ನು ತಾನೇ ಹೊಡೆಯುವುದು. ಇದರಲ್ಲಿ ಹುಡುಗಿಯರು ಮಾಡುವ ತಪ್ಪು ಒಂದೇ. ಮೊದಲೇ ಓಡಿಬಿಡುತ್ತಾರೆ. ಎದುರಾಳಿ ರಾಕೆಟ್ ಹಿಂದಕ್ಕೆ ಎಳೆದಾಗ ಕದಲಬಾರದು. ರಾಕೆಟ್ ಮುಂದಕ್ಕೆ ಬರಲು ಶುರುವಾದ ಕ್ಷಣ ಹೊರಡಬೇಕು. ಆಗ ಅವಳು ದಿಕ್ಕು ಬದಲಿಸುವುದು ಕಷ್ಟ. ನೆಟ್‌ಗೆ ಸಮಾನಾಂತರವಾಗಿ ಓಡದೆ, ಓರೆಯಾಗಿ ನೆಟ್ ಕಡೆಗೇ ನುಗ್ಗಬೇಕು. ಸರ್ವ್‌ಗೆ ಮುಂಚೆ ಬೆನ್ನ ಹಿಂದೆ ಕೈ ಸನ್ನೆ ಮಾಡಿಕೊಳ್ಳಿ. ನಮ್ಮ ಮಕ್ಕಳಲ್ಲಿ ಮುಷ್ಟಿ ಅಂದರೆ ಇಲ್ಲೇ ನಿಲ್ಲುತ್ತೇನೆ, ಬಿಚ್ಚಿದ ಕೈ ಅಂದರೆ ದಾಟುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಬಿಚ್ಚಿದ ಕೈ ತೋರಿಸಿ, ಹೆದರಿ ನಿಂತಲ್ಲೇ ನಿಂತಳು. ಅವಳ ಜಾಗ ತುಂಬಲು ಪಾರ್ಟ್ನರ್ ಆಗಲೇ ಆ ಕಡೆ ಓಡಿದ್ದಳು. ಅರ್ಧ ಕೋರ್ಟ್ ಖಾಲಿ! ಸನ್ನೆ ಕೊಟ್ಟ ಮೇಲೆ ತಪ್ಪಾದರೂ ಸರಿ, ಹೋಗಲೇಬೇಕು.

ಜೂನ್ ಬಂತು ಅಂದರೆ ನಮ್ಮಲ್ಲಿ ಮಣ್ಣಿನ ಕೋರ್ಟ್ ಮುಗಿಯಿತು. ನಾಲ್ಕು ತಿಂಗಳು ಹಾಳಾಗುತ್ತದೆ ಎಂದು ಕೊರಗಬೇಡಿ. ನಮ್ಮಪ್ಪ ಆಲ್ದೂರು ಕಡೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮಳೆಗಾಲದಲ್ಲಿ ಕಾಫಿ ಗೋದಾಮು ಖಾಲಿ ಇರುತ್ತಿತ್ತು. ನಾನೂ ನನ್ನ ತಂಗಿಯೂ ನಾಲ್ಕು ಮಾರು ದೂರ ನಿಂತು, ಚೆಂಡು ನೆಲಕ್ಕೆ ಬೀಳದ ಹಾಗೆ ವಾಲಿ ಮಾಡುತ್ತಿದ್ದೆವು. ಸೀಮೆಂಟ್ ನೆಲ, ಮೇಲೆ ತಗಡಿನ ಸದ್ದು, ಮಾತು ಕೇಳುತ್ತಿರಲಿಲ್ಲ. ಕಣ್ಣು ಕೈ ಮಾತ್ರ ಕೆಲಸ ಮಾಡುತ್ತಿದ್ದವು. ನನ್ನ ವಾಲಿ ಹುಟ್ಟಿದ್ದೇ ಅಲ್ಲಿ. ಈಗಲೂ ಮಳೆಗಾಲಕ್ಕೆ ಇದೇ ಪಾಠ. ಮೊದಲು ಇಪ್ಪತ್ತು, ಆಮೇಲೆ ಐವತ್ತು, ಸೆಪ್ಟೆಂಬರ್ ಹೊತ್ತಿಗೆ ನೂರು ವಾಲಿ ತಪ್ಪದೆ ಆಗಬೇಕು.

ಇನ್ನೊಂದು ವಿಷಯ. ನಮ್ಮೂರು 1,000 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಚೆನ್ನಾಗಿ ಹಾರುತ್ತದೆ. ಚೆನ್ನೈಗೆ ಆಡಲು ಹೋದಾಗ ಎದುರಾಳಿಯ ತಲೆ ಮೇಲಿಂದ ಎತ್ತಿ ಹೊಡೆಯುವ ಅದೇ ಲಾಬ್ ಗಿಡ್ಡ ಬೀಳುತ್ತದೆ, ಎದುರಿನವರು ಸ್ಮ್ಯಾಶ್ ಮಾಡುತ್ತಾರೆ. ಎರಡು ದಿನ ಮುಂಚೆ ಹೋಗಿ ಲಾಬ್ ಅಭ್ಯಾಸ ಮಾಡಿಸಿ.

ಪಾರ್ಟ್ನರ್ ವಿಷಯಕ್ಕೆ ಬಂದರೆ ನನಗೆ ಈಗಲೂ ನೋವಾಗುವ ಒಂದು ನೆನಪಿದೆ. ಹದಿನೇಳನೇ ವಯಸ್ಸಿನಲ್ಲಿ ಹಾಸನದ ಒಬ್ಬ ಹುಡುಗಿ ಜೊತೆ ಎರಡು ವರ್ಷದಿಂದ ಆಡುತ್ತಿದ್ದೆ. ಬೆಂಗಳೂರಿನ ಒಂದು ಟೂರ್ನಿಯಲ್ಲಿ ನನಗಿಂತ ಒಳ್ಳೆ ರ‍್ಯಾಂಕ್ ಇದ್ದವಳು ಕರೆದಳು. ಹೆಸರು ಬರೆಸುವ ದಿನ ಬೆಳಿಗ್ಗೆ ಹಾಸನದವಳಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅವಳಿಗೆ ಬೇರೆ ಯಾರೂ ಸಿಗಲಿಲ್ಲ, ಆಡದೆ ವಾಪಸ್ ಹೋದಳು. ನಾನು ಮಾಡಿದ್ದು ತಪ್ಪು. ಜೋಡಿ ಬದಲಿಸುವುದು ಈ ವೃತ್ತಿಯಲ್ಲಿ ಇದ್ದದ್ದೇ. ಆದರೆ ಎರಡು ವಾರ ಮುಂಚೆ, ಮೆಸೇಜಲ್ಲಿ ಅಲ್ಲ, ಫೋನ್ ಮಾಡಿ ಹೇಳಬೇಕು. ಇದನ್ನು ನನ್ನ ಮಕ್ಕಳಿಗೆ ಸರ್ವ್‌ಗಿಂತ ಮೊದಲು ಹೇಳಿಕೊಡುತ್ತೇನೆ.

ಟೂರ್ನಿಗಳ ದಾರಿ ಹೀಗಿದೆ. ಮೊದಲು ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ನೋಂದಣಿ, ಅಂಡರ್ 12, 14, 16 ಪಂದ್ಯಗಳು. 13 ತುಂಬಿದ ಮೇಲೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಜೂನಿಯರ್ ಟೂರ್ನಿಗಳು, ಅದಕ್ಕೆ ಐಪಿನ್ ಎಂಬ ಆಟಗಾರರ ನೋಂದಣಿ ನಂಬರ್ ಮಾಡಿಸಬೇಕು. ಆಮೇಲೆ ಡಬ್ಲ್ಯು15ರಿಂದ ಡಬ್ಲ್ಯು100ರ ತನಕ ಮಹಿಳಾ ಟೂರ್ನಿಗಳು. ಡಬಲ್ಸ್ ರ‍್ಯಾಂಕ್ ಜೋಡಿಗಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ. ಇಬ್ಬರ ರ‍್ಯಾಂಕ್ ಕೂಡಿಸಿ, ಮೊತ್ತ ಕಡಿಮೆ ಇದ್ದವರಿಗೆ ಮೊದಲು ಜಾಗ. ಟೂರ್ನಿಯಲ್ಲಿ ಗಳಿಸಿದ ರ‍್ಯಾಂಕಿಂಗ್ ಪಾಯಿಂಟ್ 52 ವಾರ ಇದ್ದು ಬಿದ್ದುಹೋಗುತ್ತದೆ. ಮಹಿಳೆಯರ ಅತಿ ಮೇಲಿನ ಹಂತದ ಡಬ್ಲ್ಯುಟಿಎ ಟೂರ್‌ನಲ್ಲಿ 40-40 ಆದರೆ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ರಿಟರ್ನ್ ಯಾರು ಮಾಡಬೇಕು ಎಂಬುದನ್ನು ಆ ಕಡೆಯ ಜೋಡಿಯೇ ಆರಿಸಬಹುದು. ಆ ಹೊತ್ತಲ್ಲಿ ಮುಖ ಮುಖ ನೋಡಿಕೊಳ್ಳಬಾರದು, ಪಂದ್ಯಕ್ಕೆ ಮುಂಚೆಯೇ ಮಾತಾಗಿರಬೇಕು. ಸೆಟ್ ಒಂದೊಂದು ಸಮ ಆದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್. ನಾವು ಪ್ರತಿ ಶನಿವಾರ ಅದನ್ನೇ ಐದು ಸಲ ಆಡುತ್ತೇವೆ.

ದುಡ್ಡಿನ ಬಗ್ಗೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಡಬ್ಲ್ಯು15 ಅಂದರೆ ಇಡೀ ಟೂರ್ನಿಯ ಬಹುಮಾನ 15,000 ಡಾಲರ್. ಡಬಲ್ಸ್‌ಗೆ ಅದರಲ್ಲಿ ಸಣ್ಣ ಪಾಲು, ಅದೂ ಇಬ್ಬರಿಗೆ. ಮೊದಲ ಕೆಲವು ವರ್ಷ ಕೈಯಿಂದಲೇ ಹಾಕಬೇಕು. ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ ಒಳ್ಳೆಯ ದಾರಿ, ಅಲ್ಲಿ ಕಾಲೇಜು ತಂಡಗಳ ಸ್ಪರ್ಧೆಯಲ್ಲಿ ಡಬಲ್ಸ್‌ಗೆಂದೇ ಒಂದು ಪಾಯಿಂಟ್ ಇದೆ. ಸಣ್ಣ ಊರು ಅಂತ ಹಿಂಜರಿಯಬೇಡಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಪ್ರಾರ್ಥನಾ ಥೋಂಬರೆ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಜೊತೆ ಆಡಿದರು. ತಡವಾಯಿತು ಅಂತಲೂ ಅವಸರ ಬೇಡ. ತೈವಾನಿನ ಶೇ ಸು-ವೇ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 38 ವರ್ಷ.

ಈ ಮಳೆಗಾಲಕ್ಕೇ ವಾಲಿ ಶುರು ಮಾಡಿ. ಗೋದಾಮು ಇಲ್ಲದಿದ್ದರೆ ಮನೆಯ ಹಜಾರವೂ ಆದೀತು, ಗಾಜಿನ ಸಾಮಾನು ಎತ್ತಿಡಿ. ನನ್ನ ಹತ್ತಿರ ಹಳೇ ಚೆಂಡು ಎರಡು ಬಕೆಟ್ ಇವೆ. ಬೇಕಾದವರು ಬೆಳಿಗ್ಗೆ ಕೋರ್ಟಿಗೆ ಬಂದು ತೆಗೆದುಕೊಂಡು ಹೋಗಿ. ಇಬ್ಬರು ಒಟ್ಟಿಗೆ ಬನ್ನಿ.