ಸಿಹಿ ಕ್ರೀಕ್, ಹುಳಿ ಕ್ರೀಕ್: ಬ್ರಸೆಲ್ಸ್‌ಗೆ ಬಂದ ನಮ್ಮವರಿಗೆ

ಬ್ರಸೆಲ್ಸ್‌ಗೆ ಬಂದವರು ಕಮ್ಯೂನ್ (ಸ್ಥಳೀಯ ಪುರಸಭೆ) ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದನ್ನು ಕೆಲಸ ಕೊಟ್ಟವರೇ ತಿಳಿಸುತ್ತಾರೆ. ತಾನಾಗಿ ಹುದುಗುವ ಲ್ಯಾಂಬಿಕ್ ಎಂಬ ಇಲ್ಲಿನ ಹುಳಿ ಬಿಯರ್‌ಗೆ ಚೆರ್ರಿ ಬೆರೆಸಿ ಮಾಡುವ ಕ್ರೀಕ್ ಬಗ್ಗೆ ಮಾತ್ರ ನನಗೆ ಯಾರೂ ಹೇಳಲಿಲ್ಲ. ಆದ್ದರಿಂದ ಎರಡು ತಪ್ಪು ಮಾಡಿದೆ.

ಬಂದ ಹೊಸದರಲ್ಲಿ, ಚೆರ್ರಿ ಚಿತ್ರವಿದ್ದ ಸೀಸೆಯೊಂದನ್ನು ಹಣ್ಣಿನ ರಸವೆಂದು ತಂದು ನಾಲ್ಕು ವರ್ಷದ ಮಗಳ ಲೋಟಕ್ಕೆ ಸುರಿದೆ. ಗುಲಾಬಿ ಬಣ್ಣದ ನೊರೆ ಏರಿದ್ದನ್ನು ಕಂಡು ಹೆಂಡತಿ ಲೋಟವನ್ನು ಕಸಿದುಕೊಂಡಳು. ಸೀಸೆಯ ಹಿಂಬದಿಯಲ್ಲಿ ಆಲ್ಕೋಹಾಲ್ ಶೇ. 3.5 ಎಂದು ಅಚ್ಚಾಗಿತ್ತು. ಅದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಮಕ್ಕಳಿರುವವರು ದಯವಿಟ್ಟು ಆ ಅಂಕಿಯನ್ನು ಓದಿಯೇ ಸೀಸೆಯನ್ನು ಬುಟ್ಟಿಗೆ ಹಾಕಿಕೊಳ್ಳಿ.

ಅದು ಸಿಹಿ ಬಗೆಯದು. ಲ್ಯಾಂಬಿಕ್‌ಗೆ ಹಣ್ಣಿನ ರಸವನ್ನೂ ಸಿಹಿಯನ್ನೂ ಬೆರೆಸಿ, ಆ ಸಿಹಿ ಮತ್ತೆ ಹುಳಿಯದಂತೆ ಸಾಮಾನ್ಯವಾಗಿ ಪಾಶ್ಚರೀಕರಿಸುತ್ತಾರೆ. ಊಟದ ಕೊನೆಗೆ ಒಂದು ಚಿಕ್ಕ ಲೋಟ ಹಿತವೇ, ಆದರೆ ಎರಡನೆಯದಕ್ಕೆ ನಾಲಿಗೆ ಜಡವಾಗುತ್ತದೆ.

ಎರಡನೆಯ ತಪ್ಪಿಗೆ ಹೆಚ್ಚು ನೊಂದುಕೊಂಡಿದ್ದೇನೆ. ಕಾರ್ಕ್ ಬಿಗಿದ ‘ಔಡೆ ಕ್ರೀಕ್’ (‘ಹಳೆಯ ಕ್ರೀಕ್’, ಅಂದರೆ ಹುಳಿ ಬಗೆ) ಸೀಸೆಯೊಂದನ್ನು ತೆರೆದು ಒಂದು ಗುಟುಕು ಕುಡಿದವನು, ಕೆಟ್ಟುಹೋಗಿದೆಯೆಂದು ಉಳಿದುದನ್ನೆಲ್ಲ ಬಚ್ಚಲಿಗೆ ಸುರಿದೆ. ಪಕ್ಕದ ಮನೆಯ ಹಿರಿಯರು ಇದನ್ನು ಕೇಳಿ ಏನೂ ಹೇಳದೆ, ಮುಂದಿನ ಶನಿವಾರ ಆಂಡರ್‌ಲೆಕ್ಟ್‌ನಲ್ಲಿರುವ, 1900ರಲ್ಲಿ ಆರಂಭವಾದ ಕಾಂಟಿಲ್ಲೋನ್ ಬ್ರೂವರಿಗೆ ನನ್ನನ್ನು ಕರೆದುಕೊಂಡು ಹೋದರು. ಅಟ್ಟದ ಮೇಲೆ ನಮ್ಮ ಕಡೆಯ ಬೆಲ್ಲದ ಕೊಪ್ಪರಿಗೆಯನ್ನು ಅಗಲವಾಗಿ ತಟ್ಟಿದಂತಿದ್ದ ತಾಮ್ರದ ತೊಟ್ಟಿಯೊಂದಿತ್ತು. ಬಾರ್ಲಿಯ ಮೊಳಕೆಕಾಳು ಮತ್ತು ಮೊಳಕೆ ಬರಿಸದ ಗೋಧಿಯಿಂದ ಕಾಯಿಸಿದ ರಸವನ್ನು ಚಳಿಯ ತಿಂಗಳುಗಳಲ್ಲಿ ಅದರಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ, ಗಾಳಿಯಲ್ಲೂ ಮರದ ಪೀಪಾಯಿಗಳಲ್ಲೂ ನೆಲೆಸಿರುವ ಸೂಕ್ಷ್ಮಜೀವಿಗಳೇ ಹುದುಗಿಸುತ್ತವೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವುದರೊಳಗೆ ತಾನಾಗಿ ಉಬ್ಬುವ ಮನೆಯಲ್ಲಿ ಬೆಳೆದ ನಾನು, ಹುಳಿ ಬಂದದ್ದನ್ನು ಕೆಟ್ಟದ್ದೆಂದು ಹೇಗೆ ಎಣಿಸಿದೆನೋ!

ಪೀಪಾಯಿಯಲ್ಲಿ ಮಾಗಿದ ಲ್ಯಾಂಬಿಕ್‌ಗೆ ಹುಳಿ ಚೆರ್ರಿಯನ್ನು ಇಡಿಯಾಗಿ ಹಾಕಿ ತಿಂಗಳುಗಟ್ಟಲೆ ನೆನೆಯಲು ಬಿಟ್ಟರೆ, ಹಣ್ಣಿನ ಸಕ್ಕರೆಯೂ ಹುದುಗಿ ಹೋಗುತ್ತದೆ. ಬಣ್ಣ, ಪರಿಮಳ, ಒಗರು, ಕೊನೆಗೆ ಬೀಜದ ಬಾದಾಮಿಯಂಥ ರುಚಿ ಉಳಿಯುತ್ತದೆ. ‘ಔಡೆ ಕ್ರೀಕ್’ ಎಂಬ ಹೆಸರು 1997ರಿಂದ ಯುರೋಪಿನ ಕಾನೂನಿನ ರಕ್ಷಣೆಯಲ್ಲಿರುವುದರಿಂದ, ಲೇಬಲ್‌ನಲ್ಲಿ ಮೊದಲು ಅದನ್ನೇ ಹುಡುಕಿ. ಬೋನ್, ಡ್ರೀ ಫಾಂಟೈನನ್ ಬ್ರೂವರಿಗಳ ಔಡೆ ಕ್ರೀಕ್‌ಗಳೂ ಸಿಗುತ್ತವೆ. ಲಿಂಡೆಮನ್ಸ್ ಎರಡೂ ಬಗೆ ಮಾಡುತ್ತಾರೆ, ಆದ್ದರಿಂದ ಹೆಸರೊಂದನ್ನೇ ನಂಬಬೇಡಿ. ಸೀಸೆಯ ತಳದ ಗಸಿ ಕದಡದಂತೆ ಬಗ್ಗಿಸಿ ಸುರಿಯಿರಿ, ಮೊದಲ ಗುಟುಕಿಗೆ ತೀರ್ಪು ಕೊಡದೆ ಮೂರನೆಯದರವರೆಗೆ ಕಾಯಿರಿ.

ನನಗೆ ಆ ಮೂರನೆಯ ಗುಟುಕಿನಲ್ಲಿ ಪುತ್ತೂರಿನ ಮನೆಯ ಪುನರ್ಪುಳಿ ನೆನಪಾಯಿತು. ಸಕ್ಕರೆ ಹಾಕಿದ ಶರಬತ್ತು ಬಂದವರಿಗೆ, ಸಕ್ಕರೆಯಿಲ್ಲದ ಸಾರು ಮನೆಯವರಿಗೆ ಎಂದು ಅಮ್ಮ ಬೇರೆಬೇರೆ ಮಾಡುತ್ತಿದ್ದರು.

ಮಗಳಿಗೆ ಈಗ ಇಪ್ಪತ್ತು ವರ್ಷ. ಔಡೆ ಕ್ರೀಕ್ ಎಂದರೆ ಅವಳಿಗೆ ಇಷ್ಟ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜಿ ಬಡಿಸಿದ ಪುನರ್ಪುಳಿ ಸಾರನ್ನು ಬಟ್ಟಲೆತ್ತಿ ಕುಡಿದು, "ಅಪ್ಪಾ, ಇದು ನಮ್ಮ ಕ್ರೀಕ್‌ನ ಹಾಗೆಯೇ ಇದೆಯಲ್ಲ" ಎಂದಳು. ಅಮ್ಮನಿಗೆ ಅದರ ಅರ್ಥ ಹೇಳಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು ಸೌಟು ಬಡಿಸಿಕೊಂಡೆ.