ಡಿಸೆಂಬರ್ ರಜೆ, ನಾಲ್ಕು ಜನ, 40 ಡಾಲರ್

ನಾವು ಬಾಸ್ಟನ್ ಹತ್ತಿರದ ಊರಿಗೆ ಬಂದಾಗ ಮಗಳು ಕಿಂಡರ್‌ಗಾರ್ಟನ್. ಡಿಸೆಂಬರ್ ರಜೆಗೆ ಮುಂಚೆ ಟೀಚರ್‌ಗೆ ಏನಾದರೂ ಕೊಡುವುದು ಇಲ್ಲಿನ ರೂಢಿ ಅಂತ ಪಕ್ಕದ ಮನೆಯವರು ಹೇಳಿದರು. ನಮ್ಮ ಕಾಲದಲ್ಲಿ ಸೆಪ್ಟೆಂಬರ್ 5ಕ್ಕೆ ಒಂದು ಗುಲಾಬಿ ಕೊಟ್ಟರೆ ಮುಗೀತು. ಇಲ್ಲಿ ಕ್ಲಾಸ್ ಟೀಚರ್, ಅವರ ಸಹಾಯಕಿ, ಇಂಗ್ಲಿಷ್ ಹೇಳಿಕೊಡುವ ಇನ್ನೊಬ್ಬರು, ಬಸ್ ಡ್ರೈವರ್. ನಾಲ್ಕು ಜನ!

ಮೊದಲ ವರ್ಷ ನನಗೆ ಹುರುಪು ಜಾಸ್ತಿ. ಊರಿಂದ ತಂದಿದ್ದ ಮೈಸೂರು ಸ್ಯಾಂಡಲ್ ಸೋಪು, ಊದುಬತ್ತಿ ಎರಡನ್ನೂ ಜರಿ ಚೀಲಕ್ಕೆ ಹಾಕಿ ಕೊಟ್ಟೆ. ಟೀಚರ್ ನಗುನಗುತ್ತಲೇ ತೆಗೆದುಕೊಂಡರು. ಅವರಿಗೆ ವಾಸನೆ ಆಗಿಬರುವುದಿಲ್ಲ, ತಲೆನೋವು ಶುರುವಾಗುತ್ತದೆ ಅಂತ ಜನವರಿಯಲ್ಲಿ ಸಹಾಯಕಿಯಿಂದ ಗೊತ್ತಾಯಿತು. ಚೀಲ ಅವತ್ತು ಮನೆಗೆ ಹೋಗಿದ್ದು ಕಾರಿನ ಡಿಕ್ಕಿಯಲ್ಲಂತೆ. ಕೋಡುಬಳೆ ಮಾಡಿ ಕೊಡೋಣವೆಂದರೆ ಕ್ಲಾಸಿನಲ್ಲಿ ಒಂದು ಮಗುವಿಗೆ ಕಡಲೆಕಾಯಿ ಅಲರ್ಜಿ, ನಮ್ಮನೆ ಬಾಣಲೆಯಲ್ಲಿ ಕಡಲೆಕಾಯಿ ಹುರಿಯದ ವಾರವಿಲ್ಲ. ಅದನ್ನೂ ಬಿಟ್ಟೆ.

ಆಮೇಲೆ ನಿಯಮ ಓದಿದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಟೀಚರ್ ಅಂದರೆ ಸಾರ್ವಜನಿಕ ನೌಕರರು. ಒಂದು ಮನೆಯವರು ಕೊಡುವ ಉಡುಗೊರೆ 50 ಡಾಲರ್‌ಗಿಂತ ಕಡಿಮೆ ಇರಬೇಕು. ಇಡೀ ಕ್ಲಾಸ್ ಸೇರಿ ಕೊಟ್ಟರೆ ವರ್ಷಕ್ಕೆ 150 ಡಾಲರ್‌ವರೆಗೆ ಕೊಡಬಹುದು, ಆದರೆ ಯಾರು ಎಷ್ಟು ಹಾಕಿದರು ಅಂತ ಟೀಚರ್‌ಗೆ ತಿಳಿಯಬಾರದು. ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ನೋಡಿ ಬೆಳೆದ ನನಗೆ ಇದು ಬಹಳ ಹಿಡಿಸಿತು. ಈಗ 10 ಡಾಲರ್ ಸುಮ್ನೆ ಕ್ಲಾಸಿನ ಆ ಒಟ್ಟು ಉಡುಗೊರೆಗೆ ಹಾಕುತ್ತೇನೆ.

ಇನ್ನು 5 ಡಾಲರ್‌ಗೆ ಬಿಳಿ ಬೋರ್ಡಿನ ಮಾರ್ಕರ್. ಇದೇನು ಉಡುಗೊರೆ ಅಂತ ನನ್ನ ಗಂಡ ನಕ್ಕಿದ್ದುಂಟು. ಆದರೆ ಇಲ್ಲಿನ ಟೀಚರ್‌ಗಳು ಕ್ಲಾಸಿನ ಎಷ್ಟೋ ಸಾಮಾನನ್ನು ಕೈಯಿಂದ ದುಡ್ಡು ಹಾಕಿ ತರುತ್ತಾರೆ. ಅದಕ್ಕೇ ಅಂತ ಆದಾಯ ತೆರಿಗೆಯಲ್ಲಿ ಒಂದಿಷ್ಟು ವಿನಾಯಿತಿಯೂ ಇದೆ. ಮಗ್ಗು, ಮೇಣದಬತ್ತಿ ಅವರ ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಮಾರ್ಕರ್ ಮಾತ್ರ ಫೆಬ್ರವರಿ ಹೊತ್ತಿಗೆ ಖಾಲಿ.

ಸಹಾಯಕಿಗೆ, ಇಂಗ್ಲಿಷ್ ಟೀಚರ್‌ಗೆ ತಲಾ 10, ಡ್ರೈವರ್‌ಗೆ 5 ಡಾಲರಿನ, ಡಂಕಿನ್ ಅನ್ನೋ ಕಾಫಿ ಅಂಗಡಿಯ ಗಿಫ್ಟ್ ಕಾರ್ಡು. ಬಾಸ್ಟನ್ ಕಡೆ ಡಂಕಿನ್ ಅಂದರೆ ಬೆಂಗಳೂರಿಗೆ ದರ್ಶಿನಿ ಇದ್ದ ಹಾಗೆ. 1950ರಲ್ಲಿ ಆ ಹೆಸರಿಟ್ಟುಕೊಂಡಿದ್ದು ಇಲ್ಲೇ ಪಕ್ಕದ ಕ್ವಿನ್ಸಿಯಲ್ಲಿ. (ಇಲ್ಲಿಯವರ ಬಾಯಲ್ಲಿ ಅದು ‘ಕ್ವಿನ್ಜಿ’. ನನ್ನನ್ನು ಮಗಳೇ ತಿದ್ದಿದ್ದು.) ಚಳಿಯಲ್ಲಿ ಬೆಳಗ್ಗೆ ಆರಕ್ಕೇ ಬಸ್ ಹತ್ತುವ ಡ್ರೈವರ್‌ಗೆ ಕಾಫಿಗಿಂತ ಬೇರೆ ಏನು ಬೇಕು ಹೇಳಿ.

ಎರಡನೇ ವರ್ಷ ಊರಿಗೆ ಹೋಗಿದ್ದಾಗ ಚನ್ನಪಟ್ಟಣದಲ್ಲಿ ಬಸ್ ಇಳಿದು ಒಂದು ಡಜನ್ ಬುಗುರಿ ತಂದಿದ್ದೆ. ಆಲೆ ಮರದ್ದು, ಅರಗಿನ ಬಣ್ಣ, ತಾಳೆಗರಿಯಲ್ಲಿ ಉಜ್ಜಿದ ಮಿರುಗು. ಒಂದೊಂದಕ್ಕೆ ಇಲ್ಲಿನ ಒಂದು ಕಾಫಿಯ ಬೆಲೆಯೂ ಬೀಳಲಿಲ್ಲ. ಒಂದನೇ ಕ್ಲಾಸಿನ ಟೀಚರ್‌ಗೆ ಹಳದಿ-ಕೆಂಪಿನದೊಂದು ಕೊಟ್ಟೆ. ಮೇಜಿನ ಮೇಲೆ ಇಟ್ಟುಕೊಂಡು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಅವರು ಮಾಡಿದ್ದೇ ಬೇರೆ. ಊಟಕ್ಕೆ ಹೊರಡುವಾಗ ಬುಗುರಿ ತಿರುಗಿಸುತ್ತಾರಂತೆ, ಅದು ಬೀಳುವುದರೊಳಗೆ ಮಕ್ಕಳೆಲ್ಲ ಸಾಲಾಗಿ ನಿಲ್ಲಬೇಕಂತೆ.

ಇಷ್ಟೆಲ್ಲದರ ಜೊತೆ ಮಗಳ ಕಾಗದ ಇದ್ದೇ ಇರುತ್ತದೆ. ಬರೀ ‘ಥ್ಯಾಂಕ್ಯೂ’ ಬರೆಯಲು ಬಿಡುವುದಿಲ್ಲ. ಟೀಚರ್ ಈ ವರ್ಷ ನಿನಗೆ ಏನು ಮಾಡಿದರು, ಒಂದು ಹೇಳು ಅಂತೀನಿ. ಕಳೆದ ಸಲ ಬಹಳ ಹೊತ್ತು ಯೋಚಿಸಿ ಬರೆದಳು: ‘ನನ್ನ ಡಬ್ಬಿಯ ಪುಳಿಯೋಗರೆ ನೋಡಿ ಒಬ್ಬ ಮೂಗು ಮುಚ್ಚಿಕೊಂಡಾಗ ನೀವು ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದಿರಿ.’ ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೇಲ್ಗಡೆ ಟೀಚರ್ ಹೆಸರನ್ನು ಕನ್ನಡದಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದಳು. ಹೆಸರಲ್ಲಿ ಒಂದು ಒತ್ತಕ್ಷರ. ‘ಕೆಳಗೆ ನೇತಾಡ್ತಿರೋದು ಏನು?’ ಅಂತ ಕೇಳಿದರಂತೆ ಟೀಚರ್.

ಜನವರಿಯಲ್ಲಿ ಶಾಲೆ ಶುರುವಾದ ದಿನ ಅವರು ಬೋರ್ಡಿನ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿದ್ದರಂತೆ, ನಮ್ಮ ಮಾರ್ಕರ್‌ನಲ್ಲೇ. ಒತ್ತನ್ನು ಮಾತ್ರ ಕೆಳಗೆ ಬರೆಯುವ ಬದಲು ತಲೆ ಮೇಲೆ ಕೂರಿಸಿದ್ದರಂತೆ. ಮಗಳು ಎದ್ದು ಹೋಗಿ ಅಳಿಸಿ, ಸರಿಯಾಗಿ ಬರೆದು ಬಂದಳಂತೆ.